ವರಲಕ್ಷ್ಮಿ ಬರೆದ ಎಂಬತ್ತನಾಲ್ಕು ಪುಟ

ರಾಮನಗರದ ತಾಲ್ಲೂಕು ಕಚೇರಿಯ ಎದುರು ಸಾಲಾಗಿ ಐದು ಜೆರಾಕ್ಸ್ ಅಂಗಡಿಗಳಿವೆ. ಜನ ಮುತ್ತುವುದು ನಾಲ್ಕನೆಯದಕ್ಕೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತ ಹೆಂಗಸು ಕೀಲಿಮಣೆಯತ್ತ ಕಣ್ಣು ಹಾಯಿಸದೆ ಟೈಪು ಮಾಡುತ್ತಾಳೆ. ಅರ್ಜಿ ಯಾರ ಹೆಸರಿಗೆ ಹೋಗಬೇಕು, ಹಿಂದೆ ಏನೇನು ಲಗತ್ತಿಸಬೇಕು, ಯಾವ ಟೇಬಲ್ಲಿಗೆ ಎಷ್ಟು ಗಂಟೆಯೊಳಗೆ ಕೊಡಬೇಕು, ಎಲ್ಲ ಅವಳಿಗೆ ಬಾಯಿಪಾಠ. ಅವಳು ಮಾಡಿಕೊಟ್ಟ ಅರ್ಜಿ ತಪ್ಪಿದೆ ಎಂದು ವಾಪಸ್ಸು ಬಂದದ್ದನ್ನು ಯಾರೂ ಕಂಡಿಲ್ಲ. ಅವಳ ಮೇಲೆ ಇರುವುದು ಒಂದೇ ದೂರು. ಯಾರಿಗೂ ಏನನ್ನೂ ಹೇಳಿಕೊಡುವುದಿಲ್ಲ. ಅಂಗಡಿಯ ಮಾಲೀಕ ಒಮ್ಮೆ, "ನಮ್ ನೆಂಟರ ಹುಡ್ಗಿ ಒಬ್ಳವ್ಳೆ, ಪಕ್ಕದಾಗೆ ಕೂರಿಸ್ಕಂಡು ಒಸಿ ಕಲ್ಸಮ್ಮ" ಎಂದು ಕೇಳಿದ್ದಕ್ಕೆ, "ಅವ್ಳು ಬಂದು ಕುಂತ್ರೆ ನಾನು ಎದ್ದು ಹೋಯ್ತೀನಿ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಹೊಟ್ಟೆಕಿಚ್ಚಿನವಳು ಎಂದರು ಕೆಲವರು, ಜಂಬ ಎಂದರು ಇನ್ನು ಕೆಲವರು. ಆಡುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಇದೇ ವರಲಕ್ಷ್ಮಿ ಒಂದು ಕಾಲಕ್ಕೆ ತನಗೆ ಗೊತ್ತಿದ್ದದ್ದನ್ನೆಲ್ಲ, ಒಂದು ಅಕ್ಷರ ಬಚ್ಚಿಟ್ಟುಕೊಳ್ಳದೆ, ಬರೆದು ಕೊಟ್ಟಿದ್ದಳು. ಅದನ್ನು ಇವರಿಗೆ ಯಾರು ಹೇಳಬೇಕು?

ಅವಳದು ಕೂಟಗಲ್ ಕಡೆಯ ಒಂದು ಸಣ್ಣ ಹಳ್ಳಿ. ಅಪ್ಪ ಪುಟ್ಟಲಿಂಗಯ್ಯನಿಗೆ ಎರಡೆಕರೆ ಹೊಲ, ಅರವತ್ತರ ಹತ್ತಿರ ಕುರಿ. ಹೊಲ ರಾಗಿಗೆ, ಉಳಿದದ್ದಕ್ಕೆಲ್ಲ ಕುರಿ. ವರಲಕ್ಷ್ಮಿ ಎರಡನೆಯ ಪಿಯುಸಿ ಪಾಸಾದ ವರ್ಷ, ಅಂದರೆ ಎರಡು ಸಾವಿರದ ಇಸವಿಯಲ್ಲಿ, ಊರ ಗೋಮಾಳಕ್ಕೆ ತಂತಿಬೇಲಿ ಬಿತ್ತು. ಯಾವುದೋ ಕಾರ್ಖಾನೆ ಬರುತ್ತದೆ ಎಂದರು. ಆ ಕಾರ್ಖಾನೆ ಇವತ್ತಿಗೂ ಬಂದಿಲ್ಲ, ಬೇಲಿ ಮಾತ್ರ ಇದೆ. ಮೇಯಿಸಲು ಜಾಗವಿಲ್ಲದ ಮೇಲೆ ಕುರಿ ಇಟ್ಟುಕೊಂಡು ಮಾಡುವುದೇನು? ಕುದೂರು ಕಡೆಯವನೊಬ್ಬ ಬಂದು ಇಡೀ ಮಂದೆಯನ್ನು ಕೊಂಡುಕೊಂಡ.

ಇಡೀ ಮಂದೆ ಎಂದರೆ, ಒಂದನ್ನು ಬಿಟ್ಟು. ಕಾಳಿ ಎಂಬ ಕರಿ ಕುರಿಯನ್ನು ಪುಟ್ಟಲಿಂಗಯ್ಯ ಕೊಡಲಿಲ್ಲ. ಮಂದೆಯ ಮುಂದೆ ನಡೆಯುತ್ತಿದ್ದದ್ದು ಅದೇ. ಅದು ಹೆಜ್ಜೆಯಿಟ್ಟರೆ ಉಳಿದವು ಹೆಜ್ಜೆಯಿಡುತ್ತಿದ್ದವು, ಅದು ನಿಂತರೆ ನಿಲ್ಲುತ್ತಿದ್ದವು.

"ಅದೊಂದು ಇಲ್ಲದಿದ್ರೆ ಇವು ನನ್ ಹಿಂದೆ ಬರಾಕಿಲ್ಲ ಕಣಣ್ಣ" ಎಂದ ಕೊಂಡವನು.

"ನಿಮ್ಮೂರ್ಗಂಟ ನಾನೇ ಅದ್ನ ಹಿಡ್ಕಂಡು ಬತ್ತೀನಿ. ಇವ್ನೆಲ್ಲ ನಿನ್ ದೊಡ್ಡೀಗೆ ಸೇರ್ಸಿ ಅದ್ನ ವಾಪಸ್ ಕರ್ಕಂಡ್ ಬತ್ತೀನಿ. ಮುಂದ್ಲ ಕುರೀನ ಮಾರಾದು ನಮ್ಮಟ್ಟೀಲಿ ಇಲ್ಲ" ಎಂದ ಪುಟ್ಟಲಿಂಗಯ್ಯ.

ಹಾಗೇ ಮಾಡಿದ. ಎರಡು ದಿನ ನಡೆದು ಹೋಗಿ, ಬರುವಾಗ ಕಾಳಿಯೊಂದನ್ನೇ ಹಗ್ಗ ಹಿಡಿದು ಕರೆತಂದ. ಹೆಂಡತಿ ತಿಮ್ಮಮ್ಮ, "ಒಂಟಿ ಕುರಿ ಕಟ್ಕಂಡು ಏನ್ ರಾಜ್ಯ ಆಳೀಯೋ" ಎಂದು ಗೊಣಗಿದಳು. ವರಲಕ್ಷ್ಮಿಗೂ ಅದು ಮುದುಕರ ಹಠದಂತೆಯೇ ಕಂಡಿತ್ತು. ಅವಳಿಗೆ ಆಗ ಹದಿನೆಂಟು, ತಲೆಯಲ್ಲಿ ಬೇರೆಯೇ ಯೋಚನೆ.

ಬಿಡದಿಯ ಸುತ್ತ ಆಗ ದಿನಕ್ಕೊಂದು ಗೇಟು ಏಳುತ್ತಿತ್ತು. ಗೇಟಿನ ಒಳಗೆ ಶೆಡ್ಡು, ಶೆಡ್ಡಿನ ಪಕ್ಕ ಗಾಜಿನ ಕಿಟಕಿಯ ಆಫೀಸು. ಶೆಡ್ಡಿಗೆ ಗಂಡಸರು ಹೋಗುತ್ತಿದ್ದರು. ಗಾಜಿನ ಹಿಂದೆ ಕೂರುವ ಕೆಲಸ ಕಲಿಯಬೇಕೆಂದು ವರಲಕ್ಷ್ಮಿ ರಾಮನಗರಕ್ಕೆ ಟೈಪಿಂಗಿಗೆ ಸೇರಿದಳು. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿ, ಬೀಡಾ ಅಂಗಡಿಯ ಮೇಲಿನ ಅಟ್ಟ. ಅಲ್ಲಿ ಬಸವಯ್ಯ ಮೇಷ್ಟ್ರು ಹನ್ನೆರಡು ಹಳೆಯ ಮೆಷಿನ್ನು ಇಟ್ಟುಕೊಂಡು ಜೂನಿಯರ್, ಸೀನಿಯರ್ ಎರಡು ಪರೀಕ್ಷೆಗೂ ಹುಡುಗಿಯರನ್ನು ಕೂರಿಸುತ್ತಿದ್ದರು. ಮೊದಲ ದಿನವೇ ಅವಳ ಕೈಗಳ ಮೇಲೆ ಒಂದು ಟವೆಲ್ ಹೊದಿಸಿದರು. ಕೀಲಿ ನೋಡಕೂಡದು. ಕುರಿ ಹಗ್ಗ ಎಳೆದೆಳೆದು ಒರಟಾಗಿದ್ದ ಬೆರಳುಗಳು ಟವೆಲಿನ ಅಡಿಯಲ್ಲಿ ತಡಕಾಡಿದವು. ಎಡಗೈಯ ಕಿರುಬೆರಳಂತೂ ತಿಂಗಳುಗಟ್ಟಲೆ ಮಾತು ಕೇಳಲಿಲ್ಲ. ಊರಿಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನಿನ ಮೇಲೆ ಬೆರಳಾಡಿಸಿಕೊಂಡೇ ಕೂರುತ್ತಿದ್ದಳು. ಎರಡು ವರ್ಷದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಮುಗಿಸಿದಳು. ಪಕ್ಕದ ಬೀದಿಯ ಕಂಪ್ಯೂಟರ್ ಸೆಂಟರಿನಲ್ಲಿ ಆರು ತಿಂಗಳು ಅದನ್ನೂ ಕಲಿತಳು.

ಟೈಪಿಂಗಿಗಿಂತ ಹೆಚ್ಚಾಗಿ ಬಸವಯ್ಯ ಮೇಷ್ಟ್ರು ಹೇಳುತ್ತಿದ್ದದ್ದು ಬೇರೊಂದು ಪಾಠ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ರಿಟೈರಾದ ಮನುಷ್ಯ. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಹೇಳುತ್ತಿದ್ದರು, "ನೋಡವ್ವ, ನಾಳೆ ನೀನು ಬರ್ಲಿಲ್ಲ ಅನ್ಕೋ. ನಿನ್ ಕುರ್ಚಿಲಿ ಇನ್ಯಾರೋ ಬಂದು ಕುಂತ್ಕತಾರೆ. ಅವ್ರು ಒಂದೇ ಒಂದು ಕಾಗ್ದಕ್ಕೂ ತಡಕಾಡಬಾರ್ದು. ಅಂಗೆ ಕೆಲ್ಸ ಮಡಗಿರೋಳೇ ಆಫೀಸಿನೋಳು. ಉಳಿದೋರೆಲ್ಲ ಸುಮ್ನೆ ಟೈಪ್ ಕುಟ್ಟೋರು."

ವರಲಕ್ಷ್ಮಿ ಇದನ್ನು ವೇದವಾಕ್ಯ ಎಂದುಕೊಂಡಳು. ಮೇಷ್ಟ್ರು ಸುಳ್ಳು ಹೇಳಲಿಲ್ಲ. ಆದರೆ ಅವರು ಕೂತಿದ್ದದ್ದು ಖಾಯಂ ಕುರ್ಚಿ. ಮೂವತ್ತು ವರ್ಷ ಅದರಿಂದ ಅವರನ್ನು ಎಬ್ಬಿಸುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ. ಅಂಥ ಕುರ್ಚಿಯಲ್ಲಿ ಕೂತು ಹೇಳುವ ಪಾಠ ಎಲ್ಲ ಕುರ್ಚಿಗೂ ಹೊಂದುವುದಿಲ್ಲ ಎಂಬುದು ಅವರಿಗೂ ಹೊಳೆಯಲಿಲ್ಲ, ಇವಳಿಗೂ ಹೊಳೆಯಲಿಲ್ಲ.

ಎರಡು ಸಾವಿರದ ಎರಡರಲ್ಲಿ ಕೆಲಸ ಸಿಕ್ಕಿತು. ಬಿಡದಿ ದಾಟಿದ ಮೇಲೆ, ವಾಹನಗಳಿಗೆ ರಬ್ಬರಿನ ಭಾಗ ಮಾಡುವ ಕಾರ್ಖಾನೆ. ಸುತ್ತಲಿನವರು ರಬ್ಬರ್ ಕಂಪನಿ ಎನ್ನುತ್ತಿದ್ದರು. ವರಲಕ್ಷ್ಮಿಯನ್ನು ಆಫೀಸ್ ಅಸಿಸ್ಟೆಂಟ್ ಎಂದು ತೆಗೆದುಕೊಂಡು ಕೊರಳಿಗೆ ಹಳದಿ ಕಾರ್ಡು ಹಾಕಿದರು. ಹಳದಿ ಎಂದರೆ ಟೆಂಪರರಿ, ಹಸಿರು ಎಂದರೆ ಖಾಯಂ. ಹಸಿರಿನವರು ಮುಂದಿನ ಗೇಟಿನಲ್ಲಿ ಬರುತ್ತಿದ್ದರು, ಕ್ಯಾಂಟೀನಿನಲ್ಲಿ ಮೊದಲು ಉಣ್ಣುತ್ತಿದ್ದರು. ಹಳದಿಯವರನ್ನು ಹನ್ನೊಂದು ತಿಂಗಳಿಗೊಮ್ಮೆ ಮೂರು ದಿನ ಮನೆಗೆ ಕಳಿಸಿ, ಹೊಸದಾಗಿ ಸೇರಿದಂತೆ ಮತ್ತೆ ಕರೆದುಕೊಳ್ಳುತ್ತಿದ್ದರು. ಆ ಮೂರು ದಿನ ವರಲಕ್ಷ್ಮಿ ದಿನಗಳನ್ನು ಎಣಿಸುತ್ತ ಕೂರುತ್ತಿದ್ದಳು. ಕರೆಯದಿದ್ದರೆ? ಅವಳಿಗೆ ಬೇಕಾಗಿದ್ದದ್ದು ಆ ಹಸಿರು ಕಾರ್ಡು ಒಂದೇ. ಮಂದೆ ಹೋದ ಮೇಲೆ ಅಪ್ಪ ಊರ ಕಟ್ಟೆಗೆ ಹೋಗುವುದನ್ನೇ ಬಿಟ್ಟಿದ್ದ. ಮಗಳ ಕೆಲಸ ಖಾಯಂ ಆಯಿತೆಂದು ಅವನು ಕಟ್ಟೆಯಲ್ಲಿ ಕೂತು ಹೇಳುವ ಒಂದು ದಿನ ಬರಬೇಕಿತ್ತು.

ಮೊದಲ ದಿನ ಫೋನಿನಲ್ಲಿ ಯಾರೋ ಇಂಗ್ಲಿಷ್ ಮಾತಾಡಿದರು, ಹೆದರಿ ಕಟ್ ಮಾಡಿದಳು. ಅದಕ್ಕೂ ಸೋಲಲಿಲ್ಲ. ಬೇರೆಯವರು ಫೋನಿನಲ್ಲಿ ಆಡುವ ಮಾತನ್ನೆಲ್ಲ ಇನ್ನೂರು ಪೇಜಿನ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಮನೆಗೆ ಬಂದು ಗೋಡೆಗೆ ಹೇಳುತ್ತಿದ್ದಳು. "ಯಾರ್ ಕುಟೆ ಮಾತಾಡೀಯೆ ನೀನು?" ಎಂದು ತಿಮ್ಮಮ್ಮ ಒಲೆಯ ಮುಂದಿನಿಂದ ಕೂಗುತ್ತಿದ್ದಳು. ಒಂದೂವರೆ ವರ್ಷದಲ್ಲಿ ಆ ಆಫೀಸು ನಡೆಯುತ್ತಿದ್ದದ್ದೇ ವರಲಕ್ಷ್ಮಿಯಿಂದ. ಸಾಹೇಬರು ಯಾವ ಕಾಗದ ಕೇಳಲಿ, ಕೇಳಿ ಮುಗಿಸುವುದರೊಳಗೆ ಟೇಬಲ್ಲಿನ ಮೇಲಿರುತ್ತಿತ್ತು. ಯಾರ ರಜೆ, ಯಾರ ಸಹಿ, ಯಾವ ಇಲಾಖೆಗೆ ಯಾವ ತಿಂಗಳು ಏನು ಕಳಿಸಬೇಕು, ಎಲ್ಲಕ್ಕೂ ಅವಳದೇ ಒಂದು ಕ್ರಮ. ಯಾರೂ ಹೇಳಿಕೊಟ್ಟದ್ದಲ್ಲ, ದಿನ ದಿನ ಬೈಸಿಕೊಂಡು ಕಲಿತದ್ದು.

ಎರಡು ಸಾವಿರದ ಆರರಲ್ಲಿ ಕಂಪನಿಗೆ ಐಎಸ್‌ಒ ಸರ್ಟಿಫಿಕೇಟು ಬೇಕಾಯಿತು. ಅದಿಲ್ಲದೆ ಹೊರದೇಶದ ಆರ್ಡರು ಸಿಗುವುದಿಲ್ಲವಂತೆ. ಅದಕ್ಕಾಗಿ ಪ್ರತಿಯೊಬ್ಬರೂ ತಾವು ಮಾಡುವ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು ಕೈಪಿಡಿ ಮಾಡಿಡಬೇಕು, ಆಡಿಟರು ಬಂದು ಓದುತ್ತಾರೆ. ಆಡಳಿತ ವಿಭಾಗದ ಮ್ಯಾನೇಜರ್ ಜಯಕುಮಾರ್ ವರಲಕ್ಷ್ಮಿಯನ್ನು ಒಳಗೆ ಕರೆದು ಕೂರಿಸಿದ.

"ನೀವು ಏನೇನು ಮಾಡ್ತೀರೋ ಒಂದೂ ಬಿಡದೆ ಬರೀರಿ ವರಲಕ್ಷ್ಮಿ. ಈ ಆಫೀಸನ್ನ ಕಣ್ಣಲ್ಲಿ ನೋಡಿರದೋರು ಓದಿದ್ರೂ ಅರ್ಥ ಆಗ್ಬೇಕು. ಆಡಿಟ್ ಒಂದು ಮುಗೀಲಿ, ನಿಮ್ಮ ಕನ್ಫರ್ಮೇಶನ್ ನಾನೇ ನಿಂತು ಮಾಡಿಸ್ತೀನಿ."

ಬಸವಯ್ಯ ಮೇಷ್ಟ್ರ ಮಾತನ್ನೇ ಸಾಹೇಬರೂ ಹೇಳುತ್ತಿದ್ದಾರೆ ಎಂದು ಅವಳಿಗೆ ಕಣ್ಣು ತುಂಬಿ ಬಂತು. ಬರೆಯಲು ಕೂತಳು. ಎರಡು ತಿಂಗಳು ಭಾನುವಾರವೆಂದು ನೋಡದೆ ಬರೆದಳು. ಮೊದಲು ಕನ್ನಡದಲ್ಲಿ, ಆಮೇಲೆ ಡಿಕ್ಷನರಿ ಹಿಡಿದುಕೊಂಡು ಇಂಗ್ಲಿಷಿನಲ್ಲಿ. ಬೇರೆಯವರಾದರೆ 'ಫ್ಯಾಕ್ಸ್ ಕಳಿಸುವುದು' ಎಂದು ಒಂದು ಸಾಲು ಬರೆದು ಮುಗಿಸುತ್ತಿದ್ದರು. ಇವಳು, ಮಳೆಗಾಲದಲ್ಲಿ ಫ್ಯಾಕ್ಸಿನ ಕಾಗದ ತೇವ ಹಿಡಿದು ಸಿಕ್ಕಿಕೊಳ್ಳುತ್ತದೆ, ಕಟ್ಟನ್ನು ತಿರುವಿ ಹಾಕಿ ಬೆರಳಿನಿಂದ ಬಿಡಿಸಿ ಇಡಬೇಕು ಎಂದು ಬರೆದಳು. ಶುಕ್ರವಾರ ಡ್ರೈವರ್ ಖಲಂದರ್ ನಮಾಜಿಗೆ ಹೋಗುತ್ತಾನೆ, ಆದ್ದರಿಂದ ಅವತ್ತಿನ ಟಪಾಲು ಹನ್ನೆರಡರೊಳಗೆ ಸಿದ್ಧವಿರಬೇಕು ಎಂದು ಬರೆದಳು. ವಿದ್ಯುತ್ ಕಚೇರಿಗೆ ಹತ್ತು ಗಂಟೆಗೆ ಮೊದಲು ಫೋನು ಮಾಡಿದರೆ ಮಾತ್ರ ಕೆಲಸವಾಗುತ್ತದೆ ಎಂದು ಬರೆದಳು. ದೊಡ್ಡ ಸಾಹೇಬರು ಸಿಟ್ಟಿನಲ್ಲಿದ್ದಾಗ ಸಹಿಗೆ ಯಾವ ಫೈಲು ಇಡಬಾರದು ಎಂಬುದನ್ನೂ, ಹೆಸರು ಹೇಳದೆ, ನಯವಾಗಿ ಸೇರಿಸಿದಳು.

ಕೆಲಸದಿಂದ ತೆಗೆದವರಿಗೆ ಕೊಡುವ ಪತ್ರ ಎಂಬುದು ಐವತ್ತೇಳನೆಯ ಪುಟ. ಅದನ್ನು ಬರೆಯುವಾಗ ಅವಳಿಗೆ ಕ್ಯಾಂಟೀನಿನ ಹಳೆಯ ಅಡುಗೆಯವನ ನೆನಪಾಯಿತು. ಎರಡು ವರ್ಷದ ಹಿಂದೆ ಅವನಿಗೆ ಅಂಥ ಪತ್ರವನ್ನು ಬಾಗಿಲ ಬಳಿ ನಿಂತಂತೆಯೇ ಕೈಗೆ ತುರುಕಿದ್ದರು, ಮುದುಕ ಗೋಡೆ ಹಿಡಿದುಕೊಂಡು ಅಲ್ಲೇ ಕುಸಿದಿದ್ದ. ಅದಕ್ಕೇ ಪತ್ರದ ನಮೂನೆಯ ಕೆಳಗೆ ತಾನಾಗಿಯೇ ನಾಲ್ಕು ಸಾಲು ಸೇರಿಸಿದಳು. ಪತ್ರ ಪಡೆಯುವವರನ್ನು ಮೊದಲು ಕೂರಿಸಬೇಕು. ಒಂದು ಲೋಟ ನೀರು ಕೊಡಬೇಕು. ನೀರು ಕುಡಿದ ಮೇಲೆಯೇ ಪತ್ರ ಕೊಡಬೇಕು. ಅವರು ಓದಿ ಮುಗಿಸುವವರೆಗೆ ಬೇರೆ ಮಾತು ಆಡಬಾರದು.

ಎಂಬತ್ತನಾಲ್ಕು ಪುಟವಾಯಿತು. ಅವಳು ರಟ್ಟು ಹಾಕಿಸಿದ ಪುಸ್ತಕವನ್ನು ಮನೆಗೆ ತಂದು ತೋರಿಸಿದಾಗ ಪುಟ್ಟಲಿಂಗಯ್ಯ ಕಾಳಿಗೆ ಸೊಪ್ಪು ಹಾಕುತ್ತಿದ್ದ. ಕಾಳಿ ಹಲ್ಲುದುರಿ, ಮುದಿಯಾಗಿ ಮೂಲೆ ಹಿಡಿದಿತ್ತು. ಓದು ಬಾರದ ಅಪ್ಪ ಪುಸ್ತಕದ ತೂಕ ನೋಡಿದ.

"ಎಲ್ಲಾನೂವೆ ಬರ್ದ್‌ಬುಟ್ಟಾ ಮಗಾ?"

"ಹ್ಞೂ ಅಪ್ಪ. ಎಲ್ಲಾ."

"ಒಸೀನೂ ಮಡಿಕ್ಕಳ್ಳಿಲ್ವಾ?"

"ಮಡಿಕ್ಕಳಾಕೆ ಅದೇನ್ ಕುರಿಯಾ? ಆಫೀಸ್‌ನಾಗೆ ಅಂಗೆಲ್ಲ ಮಾಡಬಾರ್ದು. ಅದು ಕಳ್ಳತನ ಆಯ್ತದೆ" ಎಂದು ಅವಳು ರೇಗಿದಳು.

ಪುಟ್ಟಲಿಂಗಯ್ಯ ಕಾಳಿಯ ಬೆನ್ನು ಸವರುತ್ತ ಕೂತ. ಅವಳಿಗೆ ಅವತ್ತು ಅಪ್ಪನ ಮೇಲೆ ಸಿಟ್ಟೇ ಬಂದಿತ್ತು. ಮಗಳು ಇಷ್ಟು ದೊಡ್ಡದೊಂದು ಮಾಡಿ ತಂದರೆ ಒಂದು ಒಳ್ಳೆಯ ಮಾತಾದರೂ ಆಡಬಾರದೇ ಎಂದು.

ಸ್ಟೋರಿನಲ್ಲಿ ಚನ್ನಪಟ್ಟಣದ ನೂರ್ಜಹಾನ್ ಇದ್ದಳು. ಅವಳದೂ ಹಳದಿ ಕಾರ್ಡು. ಅವಳು ಬರೆದುಕೊಟ್ಟದ್ದು ಒಂದೂವರೆ ಪುಟ. ಜಯಕುಮಾರ್ ಬೈದದ್ದಕ್ಕೆ, "ನಂಗೆ ಬರೆಯೋಕೆ ಬರಲ್ಲ ಸಾರ್, ಕೇಳಿದ್ರೆ ಹೇಳ್ತೀನಿ" ಎಂದು ನಿಂತುಬಿಟ್ಟಳು. ಯಾವ ಅಚ್ಚಿಗೆ ಯಾವ ರಬ್ಬರು, ಯಾವ ರ‍್ಯಾಕಿನ ಯಾವ ಡಬ್ಬಿ ಎಂಬುದು ಅವಳ ತಲೆಯಲ್ಲಿ ಮಾತ್ರ ಇತ್ತು. ಮುಂದಿನ ವರ್ಷ ಅವಳ ಕೊರಳಿಗೆ ಹಸಿರು ಕಾರ್ಡು ಬಂತು. ಬರಲಿ, ಅವಳಿಗೆ ಬಂದದ್ದರಲ್ಲಿ ತಪ್ಪೇನಿಲ್ಲ. ಐದು ವರ್ಷ ದುಡಿದಿದ್ದಳು. ಆದರೆ ಯಾವ ಕಾರಣಕ್ಕೆ ಬಂತೋ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆಡಿಟರು ಬಂದರು. ಆಫೀಸಿನ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎಂದು ಹೊಗಳಿದರು. ಮೊದಲ ಹಾಳೆಯಲ್ಲಿ ತಯಾರಿಸಿದವರು ಎಂಬ ಜಾಗದಲ್ಲಿ ಜಯಕುಮಾರ್ ಎಂದಿತ್ತು. ಅದನ್ನು ಟೈಪು ಮಾಡಿದವಳೂ ವರಲಕ್ಷ್ಮಿಯೇ. ಟೆಂಪರರಿಯವರ ಹೆಸರು ಹಾಕಲು ಬರುವುದಿಲ್ಲ ಎಂದು ಅವನು ಹೇಳಿದ್ದ. ಹೆಸರಿಗೇನು, ಖಾಯಂ ಆದೇಶ ಒಂದು ಬಂದರೆ ಸಾಕು ಎಂದು ಅವಳು ಸುಮ್ಮನಿದ್ದಳು. ಸರ್ಟಿಫಿಕೇಟು ಬಂತು, ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು. ಲಾಡು ಹಂಚಿದರು. ಒಂದು ತಿಂಗಳು ಕಳೆಯಿತು, ಮೂರು ತಿಂಗಳು ಕಳೆಯಿತು. ದಿನವೂ ಟಪಾಲು ಒಡೆಯುವವಳು ತಾನೇ ಆದ್ದರಿಂದ ತನ್ನ ಹೆಸರಿನ ಕಾಗದ ಬಂದಿಲ್ಲವೆಂದು ಅವಳಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿತ್ತು.

ನಾಲ್ಕನೆಯ ತಿಂಗಳು ಬಂದದ್ದು ರಮ್ಯಾ. ಬೆಂಗಳೂರಿನ ಹುಡುಗಿ, ಆಗ ತಾನೇ ಡಿಗ್ರಿ ಮುಗಿಸಿದವಳು. ಜಯಕುಮಾರ್ ವರಲಕ್ಷ್ಮಿಯನ್ನು ಕರೆದ. ಈ ಸಲ ಕೂರಲು ಹೇಳಲಿಲ್ಲ.

"ಹೆಡ್ ಆಫೀಸಿನ ಪಾಲಿಸಿ ಬದಲಾಗಿದೆ. ಆಫೀಸ್ ಪೋಸ್ಟಿಗೆ ಡಿಗ್ರಿ ಬೇಕು ಅಂತಿದ್ದಾರೆ. ನನ್ನ ಕೈಲಿ ಏನಿಲ್ಲ. ಈ ತಿಂಗಳು ರಮ್ಯಾಗೆ ಸ್ವಲ್ಪ ಹೇಳ್ಕೊಡಿ. ಆಮೇಲೆ ಪ್ಯಾಕಿಂಗ್‌ನಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಏನಾದ್ರೂ ನೋಡೋಣ."

"ಆ ಎಂಬತ್ನಾಲ್ಕು ಪುಟ ಬರೆಯೋವಾಗ ಡಿಗ್ರಿ ಬೇಕಾಗಿರ್ಲಿಲ್ವಾ ಸಾರ್?"

"ಅದು ಬೇರೆ, ಇದು ಬೇರೆ" ಎಂದ ಜಯಕುಮಾರ್. ಅವನ ದೃಷ್ಟಿ ಗೋಡೆಯ ಮೇಲಿನ ಸರ್ಟಿಫಿಕೇಟಿನ ಕಡೆಗಿತ್ತು.

ಡಿಗ್ರಿ ಬೇಕೆಂದು ಐದು ವರ್ಷದ ಹಿಂದೆಯೇ ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ಅಂಚೆ ಶಿಕ್ಷಣದಲ್ಲಿ ಅದನ್ನೂ ಮುಗಿಸಿರುತ್ತಿದ್ದಳು. ಟವೆಲಿನ ಅಡಿಯಲ್ಲಿ ಟೈಪಿಂಗ್ ಕಲಿತವಳಿಗೆ ಅದೇನು ಮಹಾ? ಆದರೆ ಡಿಗ್ರಿಯ ಮಾತು ಬರೀ ನೆಪ ಎಂದು ಅವಳಿಗೆ ಅರ್ಥವಾಗಿತ್ತು. ಅವಳು ಅವರಿಗೆ ಬೇಕಾಗಿದ್ದದ್ದು ಅವಳ ಕೆಲಸ ಪುಸ್ತಕದಲ್ಲಿ ಇಲ್ಲದಿದ್ದಷ್ಟು ದಿನ. ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಮನೆಯಲ್ಲಿ ಅಪ್ಪನ ಮುಖ ನೋಡಲಾಗದೆ, ತಲೆನೋವು ಎಂದು ಹೇಳಿ ಮಲಗಿಬಿಟ್ಟಳು.

ರಮ್ಯಾ ಕೆಟ್ಟವಳೇನಲ್ಲ. ಆಕೆ ಕೆಟ್ಟವಳಾಗಿದ್ದರೆ ಎಷ್ಟೋ ವಾಸಿಯಾಗಿತ್ತು, ಬೈದುಕೊಂಡಾದರೂ ದಿನ ತಳ್ಳಬಹುದಿತ್ತು. "ಅಕ್ಕಾ" ಎಂದೇ ಕರೆಯುತ್ತಿದ್ದಳು, ತಾನು ತಂದ ಚಪಾತಿಯಲ್ಲಿ ಒಂದನ್ನು ಇವಳ ಡಬ್ಬಿಗೆ ಹಾಕುತ್ತಿದ್ದಳು. ಕೈಪಿಡಿಯನ್ನು ಎಡಗಡೆ ತೆರೆದಿಟ್ಟುಕೊಂಡು, ಅಲ್ಲಿದ್ದಂತೆಯೇ ಮಾಡುತ್ತಿದ್ದಳು. ವರಲಕ್ಷ್ಮಿ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತು ಕಾದಳು. ಎಲ್ಲಾದರೂ ಒಂದು ಕಡೆ ಈ ಹುಡುಗಿಗೆ ತಡೆಯಾಗುತ್ತದೆ, ಆಗ ತನ್ನನ್ನು ಕೇಳುತ್ತಾಳೆ, ವರಲಕ್ಷ್ಮಿಯಿಲ್ಲದೆ ನಡೆಯುವುದಿಲ್ಲ ಎಂದು ಸಾಹೇಬರಿಗೆ ತಿಳಿಯುತ್ತದೆ. ಕಾದದ್ದು ಇಷ್ಟಕ್ಕೇ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಅವಳ ಜಾಗದಲ್ಲಿ ಯಾರಿದ್ದರೂ ಕಾಯುತ್ತಿದ್ದರು.

ಎರಡನೆಯ ವಾರ ಜೋರು ಮಳೆ ಹಿಡಿಯಿತು. ಫ್ಯಾಕ್ಸ್ ಮೆಷಿನ್ನು ಕಿರುಗುಟ್ಟಿ ನಿಂತಿತು. ವರಲಕ್ಷ್ಮಿ ಸ್ಟೂಲಿನಿಂದ ಅರ್ಧ ಎದ್ದಳು. ರಮ್ಯಾ ಪುಟ ತಿರುವಿದಳು, ಓದಿದಳು, ಕಾಗದದ ಕಟ್ಟನ್ನು ಹೊರತೆಗೆದು ತಿರುವಿ ಹಾಕಿ ಬೆರಳಿನಿಂದ ಬಿಡಿಸಿಟ್ಟಳು. ಮೆಷಿನ್ನು ಮತ್ತೆ ನಡೆಯಿತು.

"ನೀವು ಎಷ್ಟು ಚೆನ್ನಾಗಿ ಬರ್ದಿದ್ದೀರಾ ಅಕ್ಕಾ. ನಿಮ್ಮನ್ನ ಕೇಳೋ ಅಂಥದ್ದೇ ಏನೂ ಇಲ್ಲ" ಎಂದಳು. ಮನಸಾರೆ ಹೇಳಿದ ಮಾತು ಅದು. ವರಲಕ್ಷ್ಮಿ ಸ್ಟೂಲಿನ ಮೇಲೆ ಮತ್ತೆ ಕೂತಳು.

ಒಂದು ತಿಂಗಳು ಎಂದದ್ದು ಹದಿನೆಂಟು ದಿನಕ್ಕೇ ಸಾಕಾಯಿತು. ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಬಂದಾಗ ಅವಳ ಸ್ಟೂಲು ಇದ್ದ ಜಾಗದಲ್ಲಿ ಕುರ್ಚಿ ಹಾಕಿತ್ತು. ಒಳ್ಳೆಯ ಕುರ್ಚಿ, ಬರುವ ಗಿರಾಕಿಗಳಿಗೆ ಹಾಕುವಂಥದ್ದು.

"ಅಕ್ಕಾ, ಕೂತ್ಕೊಳ್ಳಿ" ಎಂದಳು ರಮ್ಯಾ.

ವರಲಕ್ಷ್ಮಿ ಯಾಕೆಂದು ತಿಳಿಯದೆ ಕೂತಳು. ಇವತ್ತು ಈ ಹುಡುಗಿಗೆ ಏನೋ ಕೇಳುವುದಿದೆ, ಕೊನೆಗೂ ಏನೋ ಒಂದು ಗೊತ್ತಾಗಿಲ್ಲ ಎಂದುಕೊಂಡಳು. ಎದೆ ಒಂದಿಷ್ಟು ಹಗುರವೂ ಆಯಿತು. ರಮ್ಯಾ ಒಳಗೆ ಹೋಗಿ ಬಂದು ಅವಳ ಮುಂದೆ ಒಂದು ಲೋಟ ನೀರು ಇಟ್ಟಳು. ಇಟ್ಟು, ಟೇಬಲ್ಲಿನ ಆಚೆ ನಿಂತಳು.

ಲೋಟ ನೋಡಿದ ಕೂಡಲೇ ವರಲಕ್ಷ್ಮಿಗೆ ಎಲ್ಲ ಗೊತ್ತಾಯಿತು. ಟೇಬಲ್ಲಿನ ಎಡಗಡೆ ಕೈಪಿಡಿ ತೆರೆದಿತ್ತು. ಪುಟದ ಸಂಖ್ಯೆ ನೋಡಬೇಕಾಗಿರಲಿಲ್ಲ.

ರಮ್ಯಾ ಕಾಯುತ್ತಿದ್ದಳು. ನೀರು ಕುಡಿದ ಮೇಲೆಯೇ ಪತ್ರ ಕೊಡಬೇಕು ಎಂದು ಬರೆದಿತ್ತಲ್ಲ, ಅದಕ್ಕೆ. ವರಲಕ್ಷ್ಮಿ ಕುಡಿಯದೆ ಕೂತಳು. ಕುಡಿಯದಿದ್ದರೆ ಏನು ಮಾಡಬೇಕು ಎಂದು ಎಂಬತ್ತನಾಲ್ಕು ಪುಟದಲ್ಲಿ ಎಲ್ಲೂ ಬರೆದಿರಲಿಲ್ಲ. ಅದೊಂದನ್ನೇ ಅವಳು ಬಿಟ್ಟಿದ್ದದ್ದು. ಹುಡುಗಿ ಕಂಗಾಲಾಗಿ ಪುಟವನ್ನೊಮ್ಮೆ, ಇವಳನ್ನೊಮ್ಮೆ ನೋಡಿದಳು. ಕಣ್ಣಲ್ಲಿ ನೀರು ಬಂತು.

"ಅಕ್ಕಾ, ಮುಂದೆ ಏನ್ ಮಾಡ್ಲಿ?"

ಹತ್ತೊಂಬತ್ತು ದಿನದಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು.

ವರಲಕ್ಷ್ಮಿ ಲೋಟ ಎತ್ತಿ ನೀರನ್ನು ಪೂರ್ತಿ ಕುಡಿದಳು. "ಈಗ ಕೊಡು" ಎಂದು ಕೈ ಚಾಚಿದಳು. ಪತ್ರವನ್ನು ಅಭ್ಯಾಸದಂತೆ ಕೊನೆಯ ಸಾಲಿನವರೆಗೆ ಓದಿದಳು. ಒಂದು ತಪ್ಪೂ ಇರಲಿಲ್ಲ.